ಕೇಳಿಸಿದರೆ ಸಾಲದು, ಇಳಿಸಿಕೊಳ್ಳಲೂ ಬಿಡಿ

ತಾಳಮದ್ದಳೆಯ ಹಳೆಯ ಧ್ವನಿಮುದ್ರಣಗಳು ಒಂದೊಂದಾಗಿ ಅಂತರ್ಜಾಲಕ್ಕೆ ಬರುತ್ತಿವೆ. ಮನೆಯ ಅಟ್ಟದಲ್ಲಿ ಬಿದ್ದಿದ್ದ ಕ್ಯಾಸೆಟ್‌ಗಳನ್ನು ಕೆಳಗಿಳಿಸಿ, ಬೂಷ್ಟು ಒರೆಸಿ, ಸಿಕ್ಕು ಬಿದ್ದ ಟೇಪನ್ನು ಪೆನ್ಸಿಲ್‌ನಿಂದ ಸುತ್ತಿ ಸರಿಮಾಡಿ, ಕಂಪ್ಯೂಟರಿಗೆ ಹಾಕಿ, ಸ್ವಂತ ದುಡ್ಡಿನಲ್ಲಿ ವೆಬ್‌ಸೈಟ್ ಕಟ್ಟಿ ಊರಿಗೆಲ್ಲ ಹಂಚುವ ಉತ್ಸಾಹಿಗಳು ಕರಾವಳಿಯಲ್ಲೂ ಮಲೆನಾಡಿನಲ್ಲೂ ಇದ್ದಾರೆ. ಗಮಕ ವಾಚನಕ್ಕೆ, ತತ್ವಪದಗಳಿಗೆ, ಹರಿಕಥೆಗೆ ಇದೇ ಕೆಲಸ ಮಾಡುತ್ತಿರುವವರೂ ಇದ್ದಾರೆ. ಇದು ಸಣ್ಣ ಸೇವೆಯಲ್ಲ. ಆದರೆ ಇಷ್ಟೆಲ್ಲ ಪಟ್ಟ ಶ್ರಮ ಅನೇಕ ಕಡೆ ಕೊನೆಯ ಹಂತದಲ್ಲಿ ಮುಗ್ಗರಿಸುತ್ತದೆ. ಪುಟದಲ್ಲಿ ‘ಇಲ್ಲಿ ಡೌನ್‌ಲೋಡ್ ಮಾಡಿಕೊಳ್ಳಿ’ ಎಂದು ಬರೆದಿರುತ್ತದೆ. ಒತ್ತಿದರೆ ಫೈಲ್ ಇಳಿಯುವುದಿಲ್ಲ. ಕಪ್ಪು ಪರದೆಯ ನಡುವೆ ಒಂದು ಪಟ್ಟಿ ಮೂಡಿ, ಭಾಗವತರ ಪದ್ಯ ಅಲ್ಲೇ ಶುರುವಾಗಿಬಿಡುತ್ತದೆ. ಬೇಕಾಗಿದ್ದು ಅದಲ್ಲವೆಂದು ಕೇಳುಗ ಹಿಂದೆ ಹೋಗುತ್ತಾನೆ, ಮತ್ತೆ ಒತ್ತುತ್ತಾನೆ, ಮತ್ತೆ ಅದೇ ಪದ್ಯ.

ಕೇಳಿದರಾಯಿತಲ್ಲ, ಇಳಿಸಿಕೊಳ್ಳುವುದೇಕೆ ಎಂದು ವೈಫೈ ಇರುವ ಮನೆಯಲ್ಲಿ ಕೂತವರಿಗೆ ಅನ್ನಿಸಬಹುದು. ಘಟ್ಟದ ಎಷ್ಟೋ ಮನೆಗಳಲ್ಲಿ ಸಿಗ್ನಲ್ ಸಿಗುವುದು ಅಂಗಳದ ಒಂದು ಮೂಲೆಯಲ್ಲಿ ಅಥವಾ ಗುಡ್ಡದ ತಲೆಯಲ್ಲಿ. ಪೇಟೆಗೆ ಹೋದಾಗ ಇಳಿಸಿಕೊಂಡು ಬಂದು, ರಾತ್ರಿ ಅಡಿಕೆ ಸುಲಿಯುತ್ತ ಕೇಳುವವರು ಅಲ್ಲಿದ್ದಾರೆ. ಅರ್ಥಗಾರಿಕೆ ಕಲಿಯುವ ಹುಡುಗನಿಗೆ ಹಿರಿಯ ಅರ್ಥಧಾರಿಯ ಒಂದು ಮಾತಿನ ವರಸೆಯನ್ನು ಇಪ್ಪತ್ತು ಸಲ ಹಿಂದೆ ಮುಂದೆ ಓಡಿಸಿ ಕೇಳಬೇಕಾಗುತ್ತದೆ. ಪ್ರತಿ ಸಲವೂ ನೆಟ್‌ವರ್ಕ್ ಕಾಯುತ್ತ ಕೂತರೆ ಕಲಿಕೆ ಸಾಗುವುದಿಲ್ಲ. ಕಣ್ಣು ಕಾಣದ ವಿದ್ಯಾರ್ಥಿಗಳು ಪಾಠದ ಆಡಿಯೊವನ್ನು ತಮಗೆ ಒಗ್ಗಿದ ಪ್ಲೇಯರ್‌ನಲ್ಲಿ, ತಮಗೆ ಬೇಕಾದ ವೇಗದಲ್ಲಿ ಕೇಳುತ್ತಾರೆ. ಬ್ರೌಸರ್ ಮುಂದಿಡುವ ಪಟ್ಟಿ ಅವರಿಗೆ ಸಾಲದು. ಇನ್ನು ಡೇಟಾದ ಲೆಕ್ಕ ನೋಡಿ. 64 ಕೆಬಿಪಿಎಸ್‌ನಲ್ಲಿ ಮಾಡಿದ ಎಂಪಿ3 ಫೈಲ್ ಗಂಟೆಗೆ ಸುಮಾರು 29 ಎಂಬಿ ತಿನ್ನುತ್ತದೆ. ಮೂರು ಗಂಟೆಯ ಒಂದು ಪ್ರಸಂಗವೆಂದರೆ 86 ಎಂಬಿ. ಅದನ್ನೇ ಹತ್ತು ಸಲ ಆನ್‌ಲೈನ್‌ನಲ್ಲಿ ಕೇಳಿದರೆ 860 ಎಂಬಿ ದಾಟಬಹುದು. ಒಮ್ಮೆ ಇಳಿಸಿಕೊಂಡರೆ 86ಕ್ಕೇ ಮುಗಿಯಿತು. ಸೈಟ್ ನಡೆಸುವವರ ಹೋಸ್ಟಿಂಗ್ ಖರ್ಚಿನ ಹೊರೆಯೂ ಇಷ್ಟೇ ಕಡಿಮೆಯಾಗುತ್ತದೆ.

ಧ್ವನಿ ಹಂಚುವ ಪ್ರತಿಯೊಂದು ಪುಟದಲ್ಲೂ ಎರಡು ಸೌಕರ್ಯ ಇರಲೇಬೇಕು ಎಂಬುದು ನನ್ನ ಖಚಿತ ಅಭಿಪ್ರಾಯ. ಅಲ್ಲೇ ಕೇಳುವವರಿಗೊಂದು ಗುಂಡಿ, ಒಯ್ಯುವವರಿಗೊಂದು ಲಿಂಕ್. ಎಲೆ ಹಾಕಿ ಬಡಿಸುವವರು ದೂರದ ಊರಿಗೆ ಹೊರಟವರಿಗೆ ಬುತ್ತಿಯನ್ನೂ ಕಟ್ಟಿಕೊಡುವ ಹಾಗೆ. ಇದಕ್ಕೆ ದೊಡ್ಡ ತಂತ್ರಜ್ಞಾನವೇನೂ ಬೇಡ. ಸರ್ವರ್ ಹೇಳುವ ಒಂದು ಸಾಲು ಸಾಕು.

ಆ ಸಾಲು ಯಾವುದು ಎಂದು ತಿಳಿಯಬೇಕಾದರೆ ಲಿಂಕ್ ಒತ್ತಿದಾಗ ನಡೆಯುವುದನ್ನು ಸ್ವಲ್ಪ ಹತ್ತಿರದಿಂದ ನೋಡಬೇಕು. ಕಂಪ್ಯೂಟರಿನಲ್ಲಿ ಕ್ರೋಮ್ ಅಥವಾ ಫೈರ್‌ಫಾಕ್ಸ್ ತೆರೆದು ಎಫ್12 ಕೀ ಒತ್ತಿ, ಬರುವ ಫಲಕದಲ್ಲಿ ‘ನೆಟ್‌ವರ್ಕ್’ ಆರಿಸಿಕೊಳ್ಳಿ. ಈಗ ಆಡಿಯೊ ಫೈಲಿನ ವಿಳಾಸವನ್ನು ಅದೇ ಟ್ಯಾಬ್‌ನಲ್ಲಿ ಹಾಕಿ ಎಂಟರ್ ಒತ್ತಿ, ಫಲಕದಲ್ಲಿ ಆ ಫೈಲಿನ ಹೆಸರು ಮೂಡಿದಾಗ ಅದರ ಮೇಲೆ ಕ್ಲಿಕ್ ಮಾಡಿ. ಬ್ರೌಸರ್ ಕೇಳಿದ್ದು, ಸರ್ವರ್ ಉತ್ತರಿಸಿದ್ದು ಎರಡೂ ಸಾಲು ಸಾಲಾಗಿ ಕಾಣುತ್ತವೆ. ಸರ್ವರ್ ಫೈಲನ್ನು ಸುಮ್ಮನೆ ಎಸೆಯುವುದಿಲ್ಲ. ಅದರ ಮುಂದೆ ಹೆಡರ್ ಎಂಬ ಕೆಲವು ಸಾಲುಗಳನ್ನು ಕಳುಹಿಸುತ್ತದೆ. ‘ಕಂಟೆಂಟ್-ಟೈಪ್’ ಎಂಬ ಸಾಲಿನ ಮುಂದೆ ‘ಆಡಿಯೊ/ಎಂಪೆಗ್’ ಎಂದಿರುತ್ತದೆ, ಅಂದರೆ ಬರುತ್ತಿರುವುದು ಎಂಪಿ3 ಜಾತಿಯ ಧ್ವನಿ. ‘ಕಂಟೆಂಟ್-ಲೆಂತ್’ ಮುಂದೆ 86400000 ಎಂದಿದ್ದರೆ ಫೈಲಿನ ಗಾತ್ರ ಅಷ್ಟು ಬೈಟ್. ಬ್ರೌಸರ್ ಮೊದಲು ನೋಡುವುದು ಈ ಸಾಲುಗಳನ್ನೇ. ಧ್ವನಿ ಬರುತ್ತಿದೆ, ತನಗೆ ನುಡಿಸಲು ಗೊತ್ತಿದೆ, ಬೇರೇನೂ ಮಾಡೆಂದು ಸರ್ವರ್ ಹೇಳಿಲ್ಲ. ಹಾಗಿದ್ದ ಮೇಲೆ ನುಡಿಸುವುದೇ ತನ್ನ ಕೆಲಸವೆಂದು ಅದು ತೀರ್ಮಾನಿಸುತ್ತದೆ. ಪುಟದಲ್ಲಿ ನೀವು ‘ಡೌನ್‌ಲೋಡ್’ ಎಂದು ಎಷ್ಟು ದಪ್ಪ ಅಕ್ಷರದಲ್ಲಿ ಬರೆದರೂ ಬ್ರೌಸರ್ ಅದನ್ನು ಓದಿ ನಡೆಯುವುದಿಲ್ಲ.

ಹಿಂದೆ ಹೀಗಿರಲಿಲ್ಲ. ಬ್ರೌಸರ್‌ಗಳಿಗೆ ಧ್ವನಿ ನುಡಿಸಲು ಬರುತ್ತಲೇ ಇರಲಿಲ್ಲ. ರಿಯಲ್‌ಪ್ಲೇಯರ್, ಕ್ವಿಕ್‌ಟೈಮ್, ವಿಂಡೋಸ್ ಮೀಡಿಯಾ ಪ್ಲೇಯರ್ ಎಂದು ಯಾವುದಾದರೂ ಪ್ಲಗ್‌ಇನ್ ಇದ್ದರೆ ಅದಕ್ಕೆ ಒಪ್ಪಿಸುತ್ತಿದ್ದವು, ಇಲ್ಲದಿದ್ದರೆ ಎಲ್ಲಿ ಉಳಿಸಲಿ ಎಂದು ಕೇಳುತ್ತಿದ್ದವು. 2009ರಲ್ಲಿ ಬಂದ ಫೈರ್‌ಫಾಕ್ಸ್ 3.5 ಆವೃತ್ತಿ ಆಡಿಯೊ ಮತ್ತು ವಿಡಿಯೊಗಳನ್ನು ಯಾವ ಪ್ಲಗ್‌ಇನ್ ಇಲ್ಲದೆ ತಾನೇ ನುಡಿಸತೊಡಗಿತು. ಮೊದಮೊದಲು ಪೇಟೆಂಟಿನ ತೊಡಕಿಲ್ಲದ ‘ಆಗ್’ನಂಥ ಮಾದರಿಯ ಫೈಲ್‌ಗಳಿಗಷ್ಟೇ ಅಲ್ಲಿ ಜಾಗವಿತ್ತು, ಎಂಪಿ3 ಆಮೇಲೆ ಬಂತು. 2014ರ ಅಕ್ಟೋಬರಿನಲ್ಲಿ ಎಚ್‌ಟಿಎಂಎಲ್5 ಅಧಿಕೃತ ಶಿಫಾರಸಾಗುವ ಹೊತ್ತಿಗೆ ಎಲ್ಲ ಮುಖ್ಯ ಬ್ರೌಸರ್‌ಗಳಿಗೂ ಈ ವಿದ್ಯೆ ಬಂದಾಗಿತ್ತು. ಅದಕ್ಕೂ ಮೊದಲು ಕಟ್ಟಿದ ಪುಟಗಳಲ್ಲಿ ಬರಿಯ ಲಿಂಕ್ ಕೊಟ್ಟರೆ ಫೈಲ್ ಇಳಿಯುತ್ತಿತ್ತು. ಪುಟ ಬದಲಾಗಲಿಲ್ಲ, ಬ್ರೌಸರ್ ಬದಲಾಯಿತು. ‘ಮುಂಚೆ ಸರಿಯಿತ್ತು, ಈಗ ಏನಾಯಿತೋ’ ಎನ್ನುವ ಸೈಟ್‌ನವರ ಗೊಂದಲಕ್ಕೆ ಕಾರಣ ಇದು.

ಸರ್ವರ್ ಸೇರಿಸಬೇಕಾದ ಆ ಸಾಲಿನ ಹೆಸರು ‘ಕಂಟೆಂಟ್-ಡಿಸ್ಪೊಸಿಶನ್’. ಅದು ವೆಬ್‌ಗಾಗಿ ಹುಟ್ಟಿದ್ದಲ್ಲ, ಇಮೇಲ್‌ಗಾಗಿ ಹುಟ್ಟಿದ್ದು. 1995ರಲ್ಲಿ ರೆನ್ಸ್ ಟ್ರೂಸ್ಟ್ ಮತ್ತು ಸ್ಟೀವ್ ಡಾರ್ನರ್ ಆರ್‌ಎಫ್‌ಸಿ 1806 ಎಂಬ ದಾಖಲೆ ಬರೆದರು. ಡಾರ್ನರ್ ಎಂದರೆ ಒಂದು ಕಾಲಕ್ಕೆ ಬಹಳ ಹೆಸರು ಮಾಡಿದ್ದ ಯುಡೋರ ಎಂಬ ಇಮೇಲ್ ತಂತ್ರಾಂಶವನ್ನು ರೂಪಿಸಿದವರು. ಪತ್ರದ ಜೊತೆ ಒಂದು ಚಿತ್ರ ಬಂದರೆ ಅದನ್ನು ಪತ್ರದ ನಡುವೆಯೇ ತೋರಿಸಬೇಕೇ, ಅಥವಾ ಲಗತ್ತಾಗಿ ಪಕ್ಕಕ್ಕಿಟ್ಟು ಓದುಗ ಕೇಳಿದಾಗ ಕೊಡಬೇಕೇ ಎಂಬುದು ಅವರ ಮುಂದಿದ್ದ ಪ್ರಶ್ನೆ. ಮೊದಲನೆಯದಕ್ಕೆ ‘ಇನ್‌ಲೈನ್’, ಎರಡನೆಯದಕ್ಕೆ ‘ಅಟ್ಯಾಚ್‌ಮೆಂಟ್’ ಎಂದು ಗುರುತಿಟ್ಟರು. ವೆಬ್ ಈ ಸಾಲನ್ನು ಎರವಲು ತಂದು ಬಳಸುತ್ತ ಬಂತು. ವೆಬ್‌ನಲ್ಲಿ ಅದು ಹೇಗಿರಬೇಕೆಂಬ ಸ್ಪಷ್ಟ ನಿಯಮ ಬಂದದ್ದು 2011ರಲ್ಲಿ, ಆರ್‌ಎಫ್‌ಸಿ 6266ರ ಮೂಲಕ. ‘ಕಂಟೆಂಟ್-ಡಿಸ್ಪೊಸಿಶನ್: ಅಟ್ಯಾಚ್‌ಮೆಂಟ್’ ಎಂಬ ಸಾಲು ಉತ್ತರದಲ್ಲಿದ್ದರೆ ಬ್ರೌಸರ್ ನುಡಿಸಲು ಹೋಗುವುದಿಲ್ಲ, ಫೈಲನ್ನು ಉಳಿಸುತ್ತದೆ. ಅಷ್ಟೇ ವಿಷಯ.

ಅದನ್ನು ಸೇರಿಸುವುದು ಹೇಗೆ ಎಂಬುದು ಸರ್ವರ್ ಯಾವುದು ಎಂಬುದರ ಮೇಲಿದೆ. ಕಡಿಮೆ ಬೆಲೆಯ ಹೋಸ್ಟಿಂಗ್‌ನಲ್ಲಿ ಸಾಮಾನ್ಯವಾಗಿ ಅಪಾಚೆ ಅಥವಾ ಅದರ ಸೆಟ್ಟಿಂಗ್‌ಗಳನ್ನೇ ಒಪ್ಪುವ ಸರ್ವರ್ ಇರುತ್ತದೆ. ಆಡಿಯೊ ಇರುವ ಫೋಲ್ಡರಿನಲ್ಲಿ ‘ಎಚ್‌ಟಿಆಕ್ಸೆಸ್’ ಎಂಬ, ಹೆಸರಿನ ಮೊದಲಿಗೇ ಚುಕ್ಕೆ ಇರುವ ಒಂದು ಪುಟ್ಟ ಪಠ್ಯ ಫೈಲ್ ಇಟ್ಟು, ಎಂಪಿ3 ಎಂದು ಕೊನೆಯಾಗುವ ಫೈಲ್‌ಗಳಿಗೆಲ್ಲ ಈ ಹೆಡರ್ ಸೇರಿಸು ಎಂದು ಮೂರು ಸಾಲು ಬರೆದರೆ ಮುಗಿಯಿತು. ‘ಫೈಲ್ಸ್‌ಮ್ಯಾಚ್’ ತೆರೆಯುವ ಸಾಲು, ‘ಹೆಡರ್ ಸೆಟ್’ ಎಂಬ ಸಾಲು, ‘ಫೈಲ್ಸ್‌ಮ್ಯಾಚ್’ ಮುಚ್ಚುವ ಸಾಲು. ಹೋಸ್ಟಿಂಗ್ ಕಂಪನಿಯವರಿಗೆ ಇಷ್ಟು ಹೇಳಿದರೆ ಅವರೇ ಹಾಕಿಕೊಡುತ್ತಾರೆ. ಬರೆದರೂ ಕೆಲಸ ಮಾಡದಿದ್ದರೆ ‘ಮಾಡ್ ಹೆಡರ್ಸ್’ ಎಂಬ ಘಟಕ ಚಾಲೂ ಇದೆಯೇ ಎಂದು ಅವರನ್ನೇ ಕೇಳಬೇಕು. ಎಂಜಿನ್‌ಎಕ್ಸ್ ಸರ್ವರ್‌ನಲ್ಲಿ ಇಂಥ ಫೋಲ್ಡರ್ ಫೈಲಿಗೆ ಬೆಲೆಯಿಲ್ಲ, ಮುಖ್ಯ ಸೆಟ್ಟಿಂಗ್‌ನಲ್ಲೇ ‘ಆ್ಯಡ್ ಹೆಡರ್’ ಬರೆಯಬೇಕು. ಅಲ್ಲೊಂದು ಒಳಸುಳಿ ಇದೆ. ಒಳಗಿನ ವಿಭಾಗದಲ್ಲಿ ಹೊಸದಾಗಿ ಒಂದು ಹೆಡರ್ ಸೇರಿಸಿದರೆ, ಹೊರಗಿನ ವಿಭಾಗದಲ್ಲಿ ಮೊದಲೇ ಸೇರಿಸಿಟ್ಟಿದ್ದ ಹೆಡರ್‌ಗಳು ಆ ಜಾಗಕ್ಕೆ ಅನ್ವಯಿಸುವುದಿಲ್ಲ. ಸುರಕ್ಷತೆಗೆಂದು ಹಾಕಿದ್ದ ಸಾಲುಗಳು ಹೀಗೆ ಸದ್ದಿಲ್ಲದೆ ಮಾಯವಾಗುವುದುಂಟು, ಅವನ್ನು ಒಳಗೂ ಮತ್ತೆ ಬರೆಯಬೇಕು.

ಹೀಗೆ ಮಾಡಿದರೆ ಪುಟದಲ್ಲೇ ಕೇಳುವ ಸೌಕರ್ಯ ಹೋಗಿಬಿಡುತ್ತದೆಯೇ ಎಂಬ ಅಳುಕು ಬೇಡ. ಈ ಸಾಲಿನ ಆಜ್ಞೆ ನಡೆಯುವುದು ಲಿಂಕ್ ಒತ್ತಿ ನೇರವಾಗಿ ಫೈಲ್ ತೆರೆದಾಗ. ಪುಟದೊಳಗೆ ಆಡಿಯೊ ಟ್ಯಾಗ್ ಹಾಕಿ ಕೂರಿಸಿದ ಪ್ಲೇಯರ್ ಅದೇ ಫೈಲನ್ನು ತರಿಸಿಕೊಂಡು ಎಂದಿನಂತೆ ನುಡಿಸುತ್ತದೆ. ಒಂದೇ ಫೈಲಿಗೆ ಮೇಲೆ ಪ್ಲೇಯರ್, ಕೆಳಗೆ ಲಿಂಕ್, ಎರಡೂ ನೆಮ್ಮದಿಯಾಗಿ ಬಾಳುತ್ತವೆ. ಫೈಲ್‌ಗಳನ್ನು ಎರಡೆರಡು ಪ್ರತಿ ಮಾಡಿ ಇಡಬೇಕಾಗಿಲ್ಲ.

ಹಳಬರು ಹೇಳಿಕೊಡುವ ಇನ್ನೊಂದು ಉಪಾಯವಿದೆ. ಫೈಲಿನ ಜಾತಿಯನ್ನೇ ಮುಚ್ಚಿಟ್ಟು, ‘ಆಡಿಯೊ/ಎಂಪೆಗ್’ ಎನ್ನುವ ಬದಲು ‘ಅಪ್ಲಿಕೇಶನ್/ಆಕ್ಟೆಟ್-ಸ್ಟ್ರೀಮ್’ ಎಂದು ಹೇಳುವುದು. ಇದೇನೋ ಒಂದಷ್ಟು ಬೈಟ್‌ಗಳ ರಾಶಿ, ಯಾವುದೆಂದು ಗೊತ್ತಿಲ್ಲ ಎಂದು ಅದರ ಅರ್ಥ. ಇಂಥದ್ದು ಬಂದರೆ ಫೈಲಾಗಿ ಉಳಿಸಿಕೊಳ್ಳಲು ಬಿಡುವುದು ಮೇಲು ಎಂದು ಈ ಜಾತಿಗಳನ್ನು ವಿವರಿಸುವ 1996ರ ನಿಯಮವೇ ಸೂಚಿಸುತ್ತದೆ, ಆದ್ದರಿಂದ ಉಪಾಯ ಫಲಿಸುತ್ತದೆ. ಆದರೂ ನಾನು ಇದನ್ನು ಒಪ್ಪುವುದಿಲ್ಲ. ಫೈಲ್ ಏನು ಎಂಬುದು ಒಂದು ಮಾತು, ಅದನ್ನು ಏನು ಮಾಡಬೇಕು ಎಂಬುದು ಬೇರೆ ಮಾತು. ಎರಡನೆಯದನ್ನು ಸಾಧಿಸಲು ಮೊದಲನೆಯದರಲ್ಲಿ ಸುಳ್ಳು ಹೇಳಿದರೆ, ಆ ಜಾತಿಯನ್ನು ನಂಬಿ ನಡೆಯುವ ಪ್ಲೇಯರ್‌ಗಳೂ ಪಾಡ್‌ಕಾಸ್ಟ್ ಆ್ಯಪ್‌ಗಳೂ ಎಡವುತ್ತವೆ. ನೇರವಾದ ಸಾಲೇ ಇರುವಾಗ ಅಡ್ಡದಾರಿ ಯಾಕೆ?

ಸರ್ವರ್ ಮುಟ್ಟಲು ಅವಕಾಶವೇ ಇಲ್ಲದವರಿಗೆ ಎಚ್‌ಟಿಎಂಎಲ್‌ನಲ್ಲೇ ಒಂದು ದಾರಿಯಿದೆ. ಲಿಂಕಿನ ಟ್ಯಾಗ್ ಒಳಗೆ ‘ಡೌನ್‌ಲೋಡ್’ ಎಂಬ ಒಂದು ಪದ ಸೇರಿಸುವುದು. 2011ರಲ್ಲಿ ಕ್ರೋಮ್ ಇದನ್ನು ಮೊದಲು ಅಳವಡಿಸಿತು, 2013ರಲ್ಲಿ ಫೈರ್‌ಫಾಕ್ಸ್, 2017ರಲ್ಲಿ ಮ್ಯಾಕ್ ಕಂಪ್ಯೂಟರಿನ ಸಫಾರಿ, 2019ರಲ್ಲಿ ಐಫೋನ್. ವರ್ಡ್‌ಪ್ರೆಸ್ ಬಳಸುವವರು ಈ ಪದವನ್ನು ಕೈಯಾರೆ ಬರೆಯಲೂ ಬೇಕಿಲ್ಲ. ಪುಟ ಬರೆಯುವಾಗ ‘ಆಡಿಯೊ’ ಬ್ಲಾಕ್ ಹಾಕಿದರೆ ಪ್ಲೇಯರ್ ಬರುತ್ತದೆ. ‘ಫೈಲ್’ ಬ್ಲಾಕ್ ಹಾಕಿದರೆ ಡೌನ್‌ಲೋಡ್ ಗುಂಡಿ ಬರುತ್ತದೆ, ಆ ಗುಂಡಿಯೊಳಗೆ ಈ ಪದ ತಾನಾಗಿ ಕೂತಿರುತ್ತದೆ. ಒಂದರ ಕೆಳಗೆ ಒಂದು ಹಾಕಿದರೆ ಕೆಲಸ ಆಯಿತು.

ಈ ದಾರಿಗೊಂದು ಗಡಿ ಇದೆ. ಪುಟ ಇರುವ ವಿಳಾಸವೂ ಫೈಲ್ ಇರುವ ವಿಳಾಸವೂ ಒಂದೇ ಸೈಟಿನದ್ದಾಗಿರಬೇಕು. ಪುಟ ಒಂದು ಕಡೆ, ಎಂಪಿ3 ಇನ್ನೊಂದು ಕಡೆ ಇದ್ದರೆ ಬ್ರೌಸರ್ ಆ ಪದವನ್ನು ಗಣನೆಗೆ ತೆಗೆದುಕೊಳ್ಳದೆ ಎಂದಿನಂತೆ ನುಡಿಸುತ್ತದೆ. 2018ರ ಕ್ರೋಮ್ 65ರಿಂದ ಈ ಕಟ್ಟು ಬಿಗಿಯಾಯಿತು. ಯಾವುದೋ ಸೈಟ್ ಇನ್ನೊಂದು ಸೈಟಿನಲ್ಲಿರುವ ನಿಮ್ಮ ಖಾಸಗಿ ಫೈಲನ್ನು ನಿಮ್ಮ ಕೈಯಿಂದಲೇ ಇಳಿಸಿಸಿ ಮೋಸ ಮಾಡಬಾರದೆಂಬ ಎಚ್ಚರಿಕೆ ಇದರ ಹಿಂದಿದೆ, ಹಾಗಾಗಿ ಇದನ್ನು ದೂರುವಂತಿಲ್ಲ. ಆದರೆ ಹೋಸ್ಟಿಂಗ್ ಜಾಗ ಸಾಲದೆ ಆಡಿಯೊವನ್ನು ಬೇರೆಡೆ ಇಟ್ಟವರು ಇದನ್ನು ತಿಳಿದಿರಬೇಕು. ಅಂಥವರಿಗೆ ಆಯಾ ಜಾಗದ್ದೇ ಉಪಾಯಗಳಿವೆ. ಡ್ರಾಪ್‌ಬಾಕ್ಸ್ ಹಂಚಿಕೆ ಲಿಂಕಿನ ಕೊನೆಯಲ್ಲಿ ‘ಡಿಎಲ್’ ಎಂಬುದರ ಮುಂದೆ 0 ಇದ್ದರೆ ತೋರಿಸುವ ಪುಟ ಬರುತ್ತದೆ, ಅದನ್ನು 1 ಮಾಡಿದರೆ ನೇರವಾಗಿ ಇಳಿಯುತ್ತದೆ. ಅಮೆಜಾನ್ ಎಸ್3ಯಲ್ಲಿ ಪ್ರತಿ ಫೈಲಿನ ವಿವರದಲ್ಲೇ ಕಂಟೆಂಟ್-ಡಿಸ್ಪೊಸಿಶನ್ ತುಂಬಿಡಬಹುದು. ಗೂಗಲ್ ಡ್ರೈವ್‌ನಲ್ಲಿ ಫೈಲ್ ತೀರಾ ದೊಡ್ಡದಾದರೆ ವೈರಸ್ ತಪಾಸಣೆ ಆಗಿಲ್ಲವೆಂಬ ಎಚ್ಚರಿಕೆಯ ಪುಟವೊಂದು ಅಡ್ಡ ಬರುತ್ತದೆ, ಹಿರಿಯರು ಅದನ್ನು ಕಂಡು ಹೆದರಿ ಅಲ್ಲಿಗೇ ಬಿಡುತ್ತಾರೆ. ಹಳೆಯ ಧ್ವನಿಮುದ್ರಣಗಳಿಗೆ ನನಗೆ ಹೆಚ್ಚು ಹಿಡಿಸುವ ಜಾಗ ಇಂಟರ್ನೆಟ್ ಆರ್ಕೈವ್. ಬ್ರೂಸ್ಟರ್ ಕೇಲ್ 1996ರಲ್ಲಿ ಕಟ್ಟಿದ, ಲಾಭದ ಉದ್ದೇಶವಿಲ್ಲದ ಸಂಸ್ಥೆ ಅದು. ಅಲ್ಲಿ ಪ್ರತಿ ಪುಟದಲ್ಲೂ ಪ್ಲೇಯರ್ ಜೊತೆಗೇ ಡೌನ್‌ಲೋಡ್ ಆಯ್ಕೆಗಳ ಪಟ್ಟಿ ಇರುತ್ತದೆ. 2005ರಲ್ಲಿ ಶುರುವಾದ ಲಿಬ್ರಿವಾಕ್ಸ್ ಎಂಬ ಸ್ವಯಂಸೇವಕರ ಬಳಗ ಕೃತಿಸ್ವಾಮ್ಯ ಮುಗಿದ ಪುಸ್ತಕಗಳನ್ನು ಓದಿ ಧ್ವನಿಮುದ್ರಿಸಿ ಇಡುವುದೂ ಅಲ್ಲಿಯೇ. ಅವರು ಇಡೀ ಪುಸ್ತಕವನ್ನು ಒಂದೇ ಜಿಪ್ ಫೈಲಾಗಿಯೂ ಕೊಡುತ್ತಾರೆ. ಅಧ್ಯಾಯಕ್ಕೊಂದು ಸಲ ಒತ್ತಬೇಕಾಗಿಲ್ಲ ಎಂಬುದು ಕೇಳುಗರಿಗೆ ಎಷ್ಟು ದೊಡ್ಡ ಉಪಕಾರ ಎಂದು ಇಪ್ಪತ್ತು ತುಂಡುಗಳಲ್ಲಿ ಒಂದು ಪ್ರಸಂಗ ಇಳಿಸಿಕೊಂಡವರನ್ನು ಕೇಳಬೇಕು.

ಇನ್ನು ಕೆಲವರು ಪಿಎಚ್‌ಪಿ ಭಾಷೆಯಲ್ಲಿ ‘ಡೌನ್‌ಲೋಡ್’ ಎಂಬ ಪುಟ್ಟ ಪ್ರೋಗ್ರಾಂ ಬರೆಸಿಕೊಳ್ಳುತ್ತಾರೆ. ವಿಳಾಸದ ಕೊನೆಯಲ್ಲಿ ಫೈಲಿನ ಹೆಸರು ಕೊಟ್ಟರೆ ಆ ಪ್ರೋಗ್ರಾಂ ಫೈಲನ್ನು ತೆರೆದು, ಹೆಡರ್ ಸೇರಿಸಿ, ಕಳುಹಿಸುತ್ತದೆ. ಎಷ್ಟು ಸಲ ಇಳಿಯಿತೆಂದು ಲೆಕ್ಕ ಇಡಲು ಇದು ಅನುಕೂಲ. ಆದರೆ ಇಲ್ಲಿ ಎರಡು ಕಡೆ ಜೋಪಾನವಾಗಿರಬೇಕು. ಕೊಟ್ಟ ಹೆಸರನ್ನು ಪರೀಕ್ಷಿಸದೆ ಫೈಲ್ ತೆರೆಯುವ ಪ್ರೋಗ್ರಾಂ ಮನೆಯ ಬಾಗಿಲನ್ನು ಪೂರ್ತಿ ತೆರೆದಿಟ್ಟಂತೆಯೇ ಸರಿ. ಹೆಸರಿನ ಜಾಗದಲ್ಲಿ ಎರಡು ಚುಕ್ಕೆ, ಒಂದು ಓರೆಗೆರೆ ಎಂದು ಬರೆಯುತ್ತ ಹೋದರೆ ಒಂದೊಂದೇ ಫೋಲ್ಡರ್ ಮೇಲಕ್ಕೆ ಹೋಗಬಹುದು. ಹಾಗೆ ಹತ್ತಿ ಹೋಗಿ ಡೇಟಾಬೇಸಿನ ಪಾಸ್‌ವರ್ಡ್ ಇರುವ ಫೈಲನ್ನೇ ಇಳಿಸಿಕೊಳ್ಳುವುದು ಕಳ್ಳರಿಗೆ ಬಹಳ ಹಳೆಯ ವಿದ್ಯೆ. ಪ್ರೋಗ್ರಾಂ ಬರೆದವರನ್ನು ಕೂರಿಸಿಕೊಂಡು, ಆಡಿಯೊ ಪಟ್ಟಿಯಲ್ಲಿರುವ ಹೆಸರುಗಳನ್ನಷ್ಟೇ ಒಪ್ಪುವಂತೆ ಮಾಡಿಸಿಕೊಳ್ಳಿ. ಇದರಲ್ಲಿ ದಾಕ್ಷಿಣ್ಯ ಬೇಡ.

ಎರಡನೆಯದು, ತುಂಡಾದ ಡೌನ್‌ಲೋಡನ್ನು ಮುಂದುವರಿಸುವ ಸೌಕರ್ಯ. ಹಳ್ಳಿಯ ಕೇಳುಗರಿಗೆ ಇದಕ್ಕಿಂತ ಮುಖ್ಯವಾದದ್ದು ಇಲ್ಲ. 86 ಎಂಬಿಯಲ್ಲಿ 80 ಇಳಿದ ಮೇಲೆ ಬಸ್ಸು ತಿರುವಿನಲ್ಲಿ ಹೊರಳಿತು, ಸಿಗ್ನಲ್ ಹೋಯಿತು ಎಂದುಕೊಳ್ಳಿ. ಸಿಗ್ನಲ್ ಮರಳಿದಾಗ ಬ್ರೌಸರ್ ಸರ್ವರ್‌ಗೆ ‘ರೇಂಜ್’ ಎಂಬ ಸಾಲಿನಲ್ಲಿ, ಇಷ್ಟನೆಯ ಬೈಟ್‌ನಿಂದ ಕೊನೆಯವರೆಗೆ ಕೊಟ್ಟರೆ ಸಾಕು ಎಂದು ಕೇಳುತ್ತದೆ. ಸರ್ವರ್‌ಗೆ ಆ ಮಾತು ಅರ್ಥವಾದರೆ ‘206’ ಎಂಬ ಸಂಖ್ಯೆಯೊಂದಿಗೆ ಉಳಿದ ಭಾಗವನ್ನಷ್ಟೇ ಕಳುಹಿಸುತ್ತದೆ. ಅರ್ಥವಾಗದಿದ್ದರೆ ‘200’ ಎಂದು ಉತ್ತರಿಸಿ ಮೊದಲಿನಿಂದ ಎಲ್ಲವನ್ನೂ ಕಳುಹಿಸುತ್ತದೆ, ಇಳಿದಿದ್ದ 80 ಎಂಬಿ ನೀರಿನಲ್ಲಿ ಹೋಮ. ಅಪಾಚೆ, ಎಂಜಿನ್‌ಎಕ್ಸ್‌ನಂಥ ಸರ್ವರ್‌ಗಳು ಫೈಲನ್ನು ತಾವೇ ಕೊಡುವಾಗ ಈ ಸೌಕರ್ಯ ತಾನಾಗಿ ಇರುತ್ತದೆ. ನಡುವೆ ಅವಸರದಲ್ಲಿ ಬರೆದ ಪಿಎಚ್‌ಪಿ ಪ್ರೋಗ್ರಾಂ ಬಂದು ಕೂತರೆ ಅದು ಹೊರಟುಹೋಗುತ್ತದೆ. ಪ್ಲೇಯರ್‌ನಲ್ಲಿ ಬೆರಳಿಟ್ಟು ಮುಂದಕ್ಕೆ ಎಳೆಯುವುದೂ ಇದೇ ‘ರೇಂಜ್’ ಮಾತಿನಿಂದಲೇ ನಡೆಯುವುದು. ಐಫೋನಂತೂ ಇದು ಇಲ್ಲದ ಸರ್ವರ್‌ನಿಂದ ಆಡಿಯೊ ನುಡಿಸಲು ತಕರಾರು ಮಾಡುತ್ತದೆ. ಆದ್ದರಿಂದಲೇ ಲೆಕ್ಕ ಇಡುವ ಆಸೆಗೆ ಬಿದ್ದು ಪ್ರೋಗ್ರಾಂ ಬರೆಸುವುದಕ್ಕಿಂತ ಸರ್ವರ್‌ನ ಒಂದು ಸಾಲೇ ಮೇಲು ಎನ್ನುವುದು. ಎಷ್ಟು ಸಲ ಇಳಿಯಿತೆಂಬ ಲೆಕ್ಕ ಸರ್ವರ್‌ನ ಲಾಗ್‌ನಲ್ಲೂ ಸಿಗುತ್ತದೆ.

ಈಗ ಫೈಲಿನ ಹೆಸರಿನ ವಿಷಯಕ್ಕೆ ಬರುತ್ತೇನೆ. ಕಂಟೆಂಟ್-ಡಿಸ್ಪೊಸಿಶನ್ ಸಾಲಿನಲ್ಲೇ ‘ಫೈಲ್‌ನೇಮ್’ ಎಂದು ಬರೆದು, ಇಳಿದ ಮೇಲೆ ಫೈಲಿಗೆ ಯಾವ ಹೆಸರಿರಬೇಕೆಂದು ಹೇಳಬಹುದು. ಹೇಳದಿದ್ದರೆ ಬ್ರೌಸರ್ ವಿಳಾಸದ ಕೊನೆಯ ತುಣುಕನ್ನೇ ಹೆಸರಾಗಿ ಇಟ್ಟುಕೊಳ್ಳುತ್ತದೆ. ಕನ್ನಡದ ಹೆಸರು ಕೊಡಲು ಹೊರಟಾಗ ತೊಡಕು ಕಾಣುತ್ತದೆ, ಏಕೆಂದರೆ ಹೆಡರ್ ಸಾಲುಗಳು ಇಂಗ್ಲಿಷ್ ಅಕ್ಷರಗಳಿಗೆಂದೇ ಹುಟ್ಟಿದವು. ಕನ್ನಡವನ್ನು ನೇರವಾಗಿ ಬರೆದರೆ ಕೆಲವು ಕಡೆ ಫೈಲ್ ಹೆಸರು ಕಲಸುಮೇಲೋಗರವಾಗಿ ಇಳಿಯುತ್ತದೆ. ಇದಕ್ಕೆಂದೇ ‘ಫೈಲ್‌ನೇಮ್’ ಎಂಬುದರ ಪಕ್ಕ ನಕ್ಷತ್ರ ಚಿಹ್ನೆ ಹಾಕಿ, ಯುಟಿಎಫ್-8 ಎಂದು ಹೇಳಿ, ಆಮೇಲೆ ಪ್ರತಿ ಬೈಟನ್ನೂ ಶೇಕಡಾ ಚಿಹ್ನೆಯೊಂದಿಗೆ ಬಿಡಿಸಿ ಬರೆಯುವ ಕ್ರಮವಿದೆ. ‘ಕರ್ಣಪರ್ವ’ ಎಂಬ ಹೆಸರನ್ನೇ ತೆಗೆದುಕೊಳ್ಳಿ. ನಮ್ಮ ನಾಲಿಗೆಗೆ ಅದು ನಾಲ್ಕು ಅಕ್ಷರ. ಯುನಿಕೋಡ್ ಅದನ್ನು ಕ, ರ, ಅರ್ಧಾಕ್ಷರದ ಗುರುತು, ಣ, ಪ, ರ, ಮತ್ತೆ ಅದೇ ಗುರುತು, ವ ಎಂದು 8 ಸಂಕೇತಗಳಾಗಿ ಬಿಡಿಸುತ್ತದೆ. ಕನ್ನಡದ ಒಂದೊಂದು ಸಂಕೇತಕ್ಕೂ ಯುಟಿಎಫ್-8ರಲ್ಲಿ 3 ಬೈಟ್, ಅಲ್ಲಿಗೆ 24. ಪ್ರತಿ ಬೈಟೂ ಶೇಕಡಾ ಚಿಹ್ನೆ ಮತ್ತು ಎರಡು ಅಂಕಿಗಳಾಗಿ ಹರಡಿದಾಗ 72. ನಾಲ್ಕಕ್ಷರದ ಹೆಸರು ತಂತಿಯ ಮೇಲೆ ಎಪ್ಪತ್ತೆರಡು ಗುರುತಾಗಿ ಹೋಗಿ, ಕೇಳುಗನ ಫೋನಿನಲ್ಲಿ ಮತ್ತೆ ನಾಲ್ಕಕ್ಷರವಾಗಿ ಕೂಡಿಕೊಳ್ಳುತ್ತದೆ. ಹಳೆಯ ಸಾಧನಗಳಿಗೆಂದು ನಕ್ಷತ್ರವಿಲ್ಲದ ಇಂಗ್ಲಿಷ್ ಅಕ್ಷರದ ಹೆಸರನ್ನೂ ಜೊತೆಗೆ ಕೊಡುವುದು ಒಳ್ಳೆಯದು, ಎರಡೂ ಇದ್ದರೆ ಹೊಸ ಬ್ರೌಸರ್‌ಗಳು ನಕ್ಷತ್ರದ್ದನ್ನೇ ಆರಿಸಿಕೊಳ್ಳುತ್ತವೆ. ಹೆಸರು ತೀರಾ ಉದ್ದವೂ ಆಗಬಾರದು. ಲಿನಕ್ಸ್‌ನಲ್ಲಿ ಸಾಮಾನ್ಯವಾಗಿ ಬಳಸುವ ಫೈಲ್ ವ್ಯವಸ್ಥೆಯಲ್ಲಿ ಒಂದು ಹೆಸರಿಗೆ 255 ಬೈಟ್ ಮಿತಿ, ಅಂದರೆ ಕನ್ನಡದ 85 ಸಂಕೇತ ಮಾತ್ರ.

ಹೆಸರಿನ ಮೇಲೆ ಇಷ್ಟು ಮಾತಾಡಲು ಕಾರಣವಿದೆ. ಪುಟದಲ್ಲಿ ಇರುವವರೆಗೆ ಧ್ವನಿಯ ಸುತ್ತ ಅದರ ವಿವರ ಇರುತ್ತದೆ: ಪ್ರಸಂಗ ಯಾವುದು, ಭಾಗವತರು ಯಾರು, ಮುಮ್ಮೇಳದಲ್ಲಿ ಯಾರಿದ್ದರು, ಯಾವ ಊರಿನ ಕೂಟ, ಯಾವ ವರ್ಷ. ಇಳಿದ ಕ್ಷಣದಿಂದ ಫೈಲ್ ಒಂಟಿ. ಒಂದು ಫೋನಿನಿಂದ ಇನ್ನೊಂದಕ್ಕೆ, ವಾಟ್ಸ್‌ಆ್ಯಪ್ ಗುಂಪಿನಿಂದ ಗುಂಪಿಗೆ ಹೋಗುತ್ತ ಹೋಗುತ್ತ ಅದರ ಕುಲಗೋತ್ರ ಹೇಳುವವರೇ ಇರುವುದಿಲ್ಲ. ‘ಟ್ರ್ಯಾಕ್ 01’, ‘ನ್ಯೂ ರೆಕಾರ್ಡಿಂಗ್ 7’ ಎಂಬ ಹೆಸರಿನಲ್ಲಿ ಎಂಥೆಂಥ ಅರ್ಥಧಾರಿಗಳ ಮಾತು ಅನಾಥವಾಗಿ ಅಲೆಯುತ್ತಿದೆ! ಶೇಣಿ ಗೋಪಾಲಕೃಷ್ಣ ಭಟ್ಟರ ದನಿಯನ್ನು ಕೇಳಿದೊಡನೆ ಗುರುತಿಸುವ ತಲೆಮಾರು ಇನ್ನೂ ಇದೆ. ಅವರು ತೀರಿಕೊಂಡದ್ದು 2006ರಲ್ಲಿ. ಆ ತಲೆಮಾರೂ ಹೋದ ಮೇಲೆ ದನಿ ಇರುತ್ತದೆ, ಯಾರದೆಂದು ಹೇಳುವವರು ಇರುವುದಿಲ್ಲ. ಆದ್ದರಿಂದ ಪ್ರಸಂಗ, ಮುಖ್ಯ ಕಲಾವಿದರು, ಊರು, ವರ್ಷ ಇಷ್ಟನ್ನಾದರೂ ಫೈಲಿನ ಹೆಸರಿನಲ್ಲೇ ತನ್ನಿ. ಪೂರ್ಣ ವಿವರವನ್ನು ಎಂಪಿ3ಯ ಒಳಗೇ ಇರುವ ಐಡಿ3 ಎಂಬ ಖಾನೆಗಳಲ್ಲಿ ತುಂಬಿಡಿ, ಅದು ಫೈಲ್ ಹೋದಲ್ಲೆಲ್ಲ ಜೊತೆಗೆ ಹೋಗುತ್ತದೆ. ಆ ಖಾನೆಗಳ ಮೊದಲ ಆವೃತ್ತಿಯಲ್ಲಿ ಶೀರ್ಷಿಕೆಗೆ 30 ಬೈಟ್ ಮಾತ್ರ ಜಾಗ, ಕನ್ನಡದ ಲೆಕ್ಕದಲ್ಲಿ 10 ಸಂಕೇತ. ಎರಡನೆಯ ಆವೃತ್ತಿಯಲ್ಲಿ ಯುನಿಕೋಡ್ ಬರೆಯಬಹುದು, ಜಾಗವೂ ಧಾರಾಳ. ತುಂಬುವ ತಂತ್ರಾಂಶದಲ್ಲಿ ಎರಡನೆಯದನ್ನೇ ಆರಿಸಿಕೊಳ್ಳಬೇಕು.

ಸೈಟ್‌ನವರು ಏನೂ ಮಾಡಿರದಿದ್ದರೂ ಕೇಳುಗರ ಕೈಯಲ್ಲಿ ಕೆಲವು ದಾರಿಗಳಿವೆ. ಕಂಪ್ಯೂಟರಿನಲ್ಲಿ ಲಿಂಕಿನ ಮೇಲೆ ಬಲಗುಂಡಿ ಒತ್ತಿ ‘ಸೇವ್ ಲಿಂಕ್ ಆ್ಯಸ್’ ಆರಿಸಬಹುದು. ಆಂಡ್ರಾಯ್ಡ್ ಫೋನಿನಲ್ಲಿ ಲಿಂಕಿನ ಮೇಲೆ ಬೆರಳು ಒತ್ತಿಹಿಡಿದರೆ ‘ಡೌನ್‌ಲೋಡ್ ಲಿಂಕ್’ ಬರುತ್ತದೆ, ನುಡಿಯುತ್ತಿರುವ ಪಟ್ಟಿಯ ಮೂರು ಚುಕ್ಕೆಯಲ್ಲೂ ಅದು ಸಿಗುತ್ತದೆ. ಐಫೋನಿನಲ್ಲಿ ಇಳಿದದ್ದು ‘ಫೈಲ್ಸ್’ ಆ್ಯಪ್‌ನ ಡೌನ್‌ಲೋಡ್ಸ್ ಫೋಲ್ಡರಿಗೆ ಹೋಗುತ್ತದೆ, ಮ್ಯೂಸಿಕ್ ಆ್ಯಪ್‌ನಲ್ಲಿ ಹುಡುಕಿದರೆ ಕಾಣುವುದಿಲ್ಲ. ಫೇಸ್‌ಬುಕ್ ತನ್ನೊಳಗೇ ತೆರೆಯುವ ಪುಟದಲ್ಲಿ ಡೌನ್‌ಲೋಡ್ ಕೆಲವೊಮ್ಮೆ ನಡೆಯುವುದಿಲ್ಲ, ಆಗ ಕ್ರೋಮ್ ಅಥವಾ ಸಫಾರಿಯಲ್ಲಿ ತೆರೆಯಿರಿ. ಇವೆಲ್ಲ ಗೊತ್ತಿದ್ದವರಿಗೆ ಸುಲಭ. ಆದರೆ ಎಪ್ಪತ್ತು ದಾಟಿದ ರಸಿಕರಿಗೆ ಒತ್ತಿಹಿಡಿಯುವ ಪಾಠ ಹೇಳುವುದಕ್ಕಿಂತ, ಒಮ್ಮೆ ಮುಟ್ಟಿದರೆ ಇಳಿಯುವ ಲಿಂಕ್ ಕೊಡುವುದು ಸೈಟ್‌ನವರ ಕರ್ತವ್ಯ.

ಇಳಿಸಿಕೊಳ್ಳಲು ಬಿಡಬಾರದು, ನಮ್ಮ ಸಂಗ್ರಹ ಊರೆಲ್ಲ ಹರಿದು ಹೋಗುತ್ತದೆ ಎನ್ನುವವರೂ ಇದ್ದಾರೆ. ಅವರ ಆತಂಕ ಅರ್ಥವಾಗುತ್ತದೆ. ಆದರೆ ಬ್ರೌಸರ್‌ನ ಪ್ಲೇಯರ್‌ನಿಂದ ಡೌನ್‌ಲೋಡ್ ಆಯ್ಕೆಯನ್ನು ತೆಗೆಸುವ ‘ನೋಡೌನ್‌ಲೋಡ್’ ಎಂಬ ಸೂಚನೆ ಗುಂಡಿಯನ್ನು ಮರೆಮಾಡುತ್ತದೆಯೇ ಹೊರತು ಫೈಲನ್ನು ಕಾಯುವುದಿಲ್ಲ. ಕೇಳುಗನ ಕಿವಿಗೆ ಬಿದ್ದ ಧ್ವನಿ ಅವನ ಫೋನಿಗೆ ಬಂದೇ ಆಗಿರುತ್ತದೆ, ತೆಗೆಯಬೇಕೆಂದವನು ತೆಗೆಯುತ್ತಾನೆ. ತಡೆ ಬೀಳುವುದು ಸಜ್ಜನ ಕೇಳುಗನಿಗೆ ಮಾತ್ರ. ಹಂಚಲು ಹಕ್ಕಿದೆಯೇ ಎಂಬ ಪ್ರಶ್ನೆಯನ್ನು ಫೈಲ್ ಹಾಕುವ ಮೊದಲೇ ಕೇಳಿಕೊಳ್ಳಬೇಕು. ನಮ್ಮ 1957ರ ಕೃತಿಸ್ವಾಮ್ಯ ಕಾಯ್ದೆಯಂತೆ ಧ್ವನಿಮುದ್ರಣದ ಹಕ್ಕು ಅದು ಪ್ರಕಟವಾದ ಮರುವರ್ಷದ ಆರಂಭದಿಂದ 60 ವರ್ಷ, ಪ್ರದರ್ಶನ ನೀಡಿದ ಕಲಾವಿದರ ಹಕ್ಕು 50 ವರ್ಷ. ಕಂಪನಿಯೊಂದು ಹೊರತಂದ ಕ್ಯಾಸೆಟ್‌ಗೂ, ಸಭೆಯಲ್ಲಿ ಕೂತ ರಸಿಕರೊಬ್ಬರು ಟೇಪ್ ರೆಕಾರ್ಡರಿನಲ್ಲಿ ಹಿಡಿದದ್ದಕ್ಕೂ ಕಾನೂನಿನ ಸ್ಥಿತಿ ಒಂದೇ ಅಲ್ಲ. ಕಲಾವಿದರನ್ನು ಅಥವಾ ಅವರ ಮನೆಯವರನ್ನು ಒಂದು ಮಾತು ಕೇಳಿ, ಒಪ್ಪಿಗೆಯನ್ನು ಕಾಗದದಲ್ಲಿ ಪಡೆದು, ಪುಟದಲ್ಲೇ ಹಾಗೆಂದು ಬರೆದರೆ ಎಲ್ಲರಿಗೂ ಗೌರವ. ಒಪ್ಪಿಗೆ ಸಿಗದಿದ್ದರೆ ಆ ಫೈಲನ್ನು ಹಾಕಬೇಡಿ. ಒಪ್ಪಿಗೆ ಸಿಕ್ಕಿದ್ದರೆ ಅರ್ಧ ಬಾಗಿಲು ತೆರೆಯುವುದು ಬೇಡ.

ಸೆಟ್ಟಿಂಗ್ ಬದಲಿಸಿದ ಮೇಲೆ ಪರೀಕ್ಷೆ ಮಾಡದೆ ಬಿಡಬಾರದು. ನಿಮ್ಮದೇ ಬ್ರೌಸರ್‌ನಲ್ಲಿ ಹಳೆಯ ಉತ್ತರ ಕ್ಯಾಶ್‌ನಲ್ಲಿ ಉಳಿದಿರುತ್ತದೆ, ಬದಲಾವಣೆ ಆಗಿದ್ದರೂ ಆಗಿಲ್ಲವೆಂದು ಕಾಣಬಹುದು. ಇನ್‌ಕಾಗ್ನಿಟೊ ಕಿಟಕಿಯಲ್ಲಿ ತೆರೆದು ನೋಡಿ. ಸೈಟಿನ ಮುಂದೆ ಕ್ಲೌಡ್‌ಫ್ಲೇರ್‌ನಂಥ ಸಿಡಿಎನ್ (ಫೈಲಿನ ಪ್ರತಿ ಇಟ್ಟುಕೊಂಡು ಹಂಚುವ ಸೇವೆ) ಇದ್ದರೆ ಅಲ್ಲಿನ ಕ್ಯಾಶ್ ಅನ್ನೂ ಖಾಲಿ ಮಾಡಬೇಕು. ಎಫ್12 ಫಲಕದಲ್ಲಿ ಕಂಟೆಂಟ್-ಡಿಸ್ಪೊಸಿಶನ್ ಸಾಲು ಬಂದಿದೆಯೇ, ಕಂಟೆಂಟ್-ಟೈಪ್ ಆಡಿಯೊ ಎಂದೇ ಉಳಿದಿದೆಯೇ, ‘ಅಕ್ಸೆಪ್ಟ್-ರೇಂಜಸ್: ಬೈಟ್ಸ್’ ಎಂದಿದೆಯೇ ನೋಡಿಕೊಳ್ಳಿ. ಆಮೇಲೆ ಒಂದು ಅಗ್ಗದ ಆಂಡ್ರಾಯ್ಡ್ ಫೋನಿನಲ್ಲಿ, ಒಂದು ಐಫೋನಿನಲ್ಲಿ ಪ್ಲೇಯರ್ ಮತ್ತು ಲಿಂಕ್ ಎರಡನ್ನೂ ಒತ್ತಿ ನೋಡಿ. ಇಳಿಯುತ್ತಿರುವಾಗ ನಡುವೆ ಫ್ಲೈಟ್ ಮೋಡ್ ಹಾಕಿ ತೆಗೆದು, ನಿಂತಲ್ಲಿಂದ ಮುಂದುವರಿಯುತ್ತದೆಯೇ ಎಂದೂ ಪರೀಕ್ಷಿಸಿ. ಲಿಂಕಿನ ಪಕ್ಕದಲ್ಲೇ ಫೈಲಿನ ಗಾತ್ರವನ್ನೂ ಅವಧಿಯನ್ನೂ ಬರೆಯಿರಿ: ‘ಕರ್ಣಪರ್ವ, 3 ಗಂಟೆ, 86 ಎಂಬಿ’. ದಿನದ ಡೇಟಾ ಎಷ್ಟು ಉಳಿದಿದೆಯೋ ನೋಡಿಕೊಂಡು, ಈಗಲೇ ಇಳಿಸಿಕೊಳ್ಳುವುದೋ ನಾಳೆ ಪೇಟೆಗೆ ಹೋದಾಗಲೋ ಎಂದು ಕೇಳುಗರೇ ನಿರ್ಧರಿಸುತ್ತಾರೆ.